ಚೆಲ್ಲಿದ ಸ್ವರ

ವಾಸ್ಕೋದ ಕಚೇರಿಯಲ್ಲಿ ನನ್ನ ಕೆಲಸ
ಹೆಸರಿಗೆ ಹೆಸರು ಹೊಂದಿಸುವುದು.
ಸೂತ್ರ ಸರಳ: ಮೊದಲಕ್ಷರ ಇಟ್ಟುಕೋ,
ಸ್ವರಗಳನ್ನೆಲ್ಲ ಚೆಲ್ಲು,
ಉಳಿದ ವ್ಯಂಜನಕ್ಕೆ ಒಂದೊಂದು ಅಂಕಿ ಬಡಿಸು.

ರೇಷನ್ ಕಾರ್ಡಿನ ಹುಲಿಗೆಪ್ಪ,
ಎಚ್ ನಾಲ್ಕು ಎರಡು ಒಂದು.
ಬಂದರಿನ ಹಳೇ ಪಗಾರ ಪುಸ್ತಕದಲ್ಲಿ
ಪೋರ್ಚುಗೀಸ್ ರೂಢಿಯ ಗುಮಾಸ್ತನ ಕೈಲಿ
ಹಕಾರ ಉದುರಿ
ಹುಲಿ ಬರೀ ಉಲಿ: ಉಲಿಗೆಪ್,
ಯು ನಾಲ್ಕು ಎರಡು ಒಂದು.
ಇಬ್ಬರೂ ಬೇರೆ, ಅಂತು ಯಂತ್ರ.
ಪಿಂಚಣಿ ಇಲ್ಲ.

ಗಾಳೆವ್ವ ಕೌಂಟರಿಗೆ ಮೊಣಕೈಯೂರಿ
"ಬಾರ್ಜಿನ ಮ್ಯಾಲ ಇರತಿದ್ದ ರೀ,
ಬುತ್ತಿ ತಂದು ಜೆಟ್ಟಿಯಿಂದ ಕರೀತಿದ್ದೆ, ಹಿಂಗ"
ಅಂದವಳು ಕೂಗಿಯೇಬಿಟ್ಟಳು.

ಫ್ಯಾನು, ಸಾಲು, ಸೀಲಿನ ಬಡಿತ ದಾಟಿ
ಒಳಗಿನ ನನ್ನ ಮೇಜಿಗೆ ಮುಟ್ಟಿದ್ದು
ಉ... ಇ... ಎ... ಆ...

ನಾನು ಚೆಲ್ಲಿದ್ದಷ್ಟೇ.
ಅಷ್ಟಕ್ಕೇ ಅವನು
ತಿರುಗಿ ನೋಡುತ್ತಿದ್ದನಂತೆ.