ಬಿಳಿ ತಿರುಳು

ಬನ್ನಿಮಂಟಪದ ಹಿಂದಿನ ಓಣಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾನು ಐಸ್ ಬಿಡಿಸುವವನು.
ಉಪ್ಪುನೀರ ತೊಟ್ಟಿ, ಅಮೋನಿಯಾದ ಘಾಟು,
ಸಾಲಾಗಿ ನಿಂತ ತಗಡಿನ ಡಬ್ಬಗಳು;
ಅದರೊಳಗೆ ಕಾವೇರಿ ಇಪ್ಪತ್ತು ಗಂಟೆ ನಿಂತು
ಚೌಕವಾಗುತ್ತಾಳೆ. ಕರೆಂಟು ಹೋದರೆ ಇಪ್ಪತ್ತಾರು.

ಎತ್ತಿ, ಮಾಮೂಲಿ ನೀರಿಗೆ ಅದ್ದಿದರೆ
ಒಳಗೊಂದು ಟಿಕ್ ಅನ್ನುತ್ತದೆ,
ಗಡ್ಡೆ ಡಬ್ಬದ ಕೈ ಬಿಡುತ್ತದೆ.
ಆ ಸದ್ದಿಗೆ ಕಾಯುವುದೇ ನನ್ನ ಕೆಲಸ.
ಅವಸರ ಮಾಡಿದರೆ ಮೂಲೆ ಮುರಿಯುತ್ತದೆ,
ಮೀನಂಗಡಿಯ ದಾದಾಪೀರ್ ಅರ್ಧ ದುಡ್ಡು ಹಿಡಿಯುತ್ತಾನೆ.

ಇಂಥ ನನಗೆ ಹಿಮದ ಬೆಟ್ಟದ ಸೀಟು ಸಿಕ್ಕಿದ್ದು
ಜ್ಯೂಸ್ ಅಂಗಡಿಯ ಕಿಣಿಯವರಿಗೆ ಮಂಡಿ ಕೈಕೊಟ್ಟಿದ್ದರಿಂದ.
ಕಟ್ಟಿದ ದುಡ್ಡು ವಾಪಸ್ಸಿಲ್ಲವಂತೆ;
"ನನ್ನ ಬದಲು ನೀನು ಹತ್ತು" ಅಂದರು.
ಕುಂತಿಬೆಟ್ಟದಲ್ಲಿ ಆರು ಭಾನುವಾರ ಗಂಟು ಹಾಕಲು ಕಲಿತೆ.
ಬಂಡೆ ಕಾದು ಅಂಗೈ ಸುಡುತ್ತಿತ್ತು.
"ಅಲ್ಲಿ ಹೀಗಿರಲ್ಲ ಬಿಡಿ" ಅಂದರು ನಂಜರಾಜೇ ಅರಸು,
ಸರ್ವೆ ಇಲಾಖೆಯಿಂದ ನಿವೃತ್ತರು,
ಜೇಬಿನಲ್ಲಿ ಯಾವಾಗಲೂ ಒಣ ಖರ್ಜೂರ.

ರಾತ್ರಿ ಒಂದಕ್ಕೆ ಹೊರಟೆವು, ಒಂದು ಹಗ್ಗಕ್ಕೆ ಐದು ಜನ.
ಮುಂದೆ ರಿಗ್ಜಿನ್, ಕಡಿಮೆ ಮಾತಿನವನು;
ಆಮೇಲೆ ದಂತವೈದ್ಯೆ ವಸುಮತಿ, ಒಬ್ಬ ಕಾಲೇಜು ಹುಡುಗ, ಅರಸು,
ಕೊನೆಗೆ ನಾನು.
ಹಣೆದೀಪದ ಬೆಳಕಲ್ಲಿ ಕಂಡದ್ದು
ಅರಸರ ಹಿಮ್ಮಡಿ, ಹಗ್ಗ, ಅರಸರ ಹಿಮ್ಮಡಿ.
ಸಡಿಲವಾದರೆ ನಿಲ್ಲು. ಎಳೆದರೆ ನಡೆ.

ಎಷ್ಟೊತ್ತಿಗೋ ಕಾಲಡಿಯಲ್ಲಿ, ಬಲು ಆಳದಲ್ಲಿ,
ಟಿಕ್.
ಎಲ್ಲರೂ ನಿಂತಲ್ಲೇ ಕಲ್ಲಾದರು. ವಸುಮತಿ ಚಾಮುಂಡಿಯನ್ನು ನೆನೆದರು.
ನನಗೆ ನಗು ಬಂತು.
ಯಾವುದೋ ಡಬ್ಬದಿಂದ ಗಡ್ಡೆ ಕೈ ಬಿಡಿಸಿಕೊಳ್ಳುತ್ತಿದೆ,
ಎತ್ತುವವನು ಮಾತ್ರ ಕಾಣಲಿಲ್ಲ.

ಬೆಳಗಾದಾಗ ನೀಲಿ ನೋಡಿದೆ.
ನಮ್ಮ ಗಡ್ಡೆಗೆ ನಡುವೆ ಬಿಳಿ ತಿರುಳು:
ನೀರು ಹೊರಗಿಂದ ಒಳಕ್ಕೆ ಗಟ್ಟಿಯಾಗುವಾಗ
ಓಡಲು ಜಾಗವಿಲ್ಲದ ಗಾಳಿ ಎದೆಯಲ್ಲಿ ಕೂರುತ್ತದೆ.
"ಬಿಳೀದು ಬೇಡ, ಗಾಜಿನಂಥದ್ದು ಕೊಡು" ಅನ್ನುತ್ತಾರೆ ಮದುವೆ ಮನೆಯವರು.
ಇಲ್ಲಿ ತಿರುಳೇ ಇಲ್ಲ.
"ಭಾರ," ಅಂದ ರಿಗ್ಜಿನ್ ತನ್ನ ಹಿಂದಿಯಲ್ಲಿ,
"ಒಂದರ ಮೇಲೊಂದು ವರ್ಷ ಬಿದ್ದ ಭಾರ. ಗಾಳಿಯನ್ನೆಲ್ಲ ಹಿಂಡಿಬಿಡುತ್ತೆ."
ಎಷ್ಟು ವರ್ಷ ಅಂದೆ. ಕೈ ಆಡಿಸಿದ.
ನಮ್ಮ ಮಾಲೀಕರ ರಿಜಿಸ್ಟರಿಗೆ ಹಿಡಿಸುವ ಲೆಕ್ಕವಲ್ಲ.

ಆಗಲೇ ಅರಸರ ಎಡಗಾಲು ಹೋಯಿತು
ತೊಡೆವರೆಗೆ, ಸದ್ದಿಲ್ಲದೆ,
ಹಾಲಿನ ಕೆನೆಗೆ ಬೆರಳು ಹೋದ ಹಾಗೆ.
ಕುಕ್ಕರಿಸಿದೆ, ಕೊಡಲಿ ನಾಟಿದೆ.
ಇಪ್ಪತ್ತೆರಡು ವರ್ಷ ಕೊಕ್ಕೆ ಹಿಡಿದ ತೋಳು
ಎಲ್ಲಿ ನಾಟಲಿ ಎಂದು ನನ್ನನ್ನು ಕೇಳಲಿಲ್ಲ.
ಹೊರಬಂದವರು ಮೊದಲು ಜೇಬು ಮುಟ್ಟಿ ನೋಡಿಕೊಂಡರು.
ಖರ್ಜೂರ ಇತ್ತು. ಐದು ಪಾಲು ಮಾಡಿದರು.

ತುದಿ ಕಾಣುತ್ತಿತ್ತು. ಹೆಚ್ಚೆಂದರೆ
ನಮ್ಮ ಓಣಿಯಿಂದ ಹೈವೇ ವೃತ್ತದಷ್ಟು ದೂರ.
ರಿಗ್ಜಿನ್ ಬೂಟಿನಿಂದ ಹಿಮ ಒತ್ತಿದ, ಬಿಸಿಲು ನೋಡಿದ.
"ಮೆತ್ತಗಾಗಿದೆ. ವಾಪಸ್."
ಹುಡುಗ ಅತ್ತುಬಿಟ್ಟ. ಕಟ್ಟಿದ ದುಡ್ಡಿನ ಮಾತಾಡಿದ.
ಕೊನೆಯಲ್ಲಿದ್ದ ನಾನು ತಿರುಗಿ ನಿಂತು ಮೊದಲನೆಯವನಾದೆ:
ಕರಗುವ ಮಾಲಿನೊಂದಿಗೆ ವಾದಿಸಿ ಗೆದ್ದವರನ್ನು
ನಾನಂತೂ ಕಂಡಿಲ್ಲ.

ಈಗ "ತುದಿ ಮುಟ್ಟಿದ್ಯಾ?" ಅಂತ ಕೇಳುತ್ತಾರೆ,
ಮಂಡಿ ಮೊಹಲ್ಲಾದಿಂದ ಮಾರ್ಕೆಟ್ಟಿನವರೆಗೆ.
ಇಲ್ಲ ಅಂದರೆ ಮುಖ ಸಣ್ಣಗಾಗುತ್ತದೆ, ಅವರದ್ದು.

ಬೆಳಗಿನ ಜಾವ ನಾಲ್ಕು. ಮೊದಲ ಡಬ್ಬ ಎತ್ತಿ ಅದ್ದುತ್ತೇನೆ.
ಟಿಕ್.
ಕೊಕ್ಕೆ ಹಾಕಿ, ಒಂದು ಕಾಲು ಮುಂದಿಟ್ಟು
ಹಾಗೇ ನಿಲ್ಲುತ್ತೇನೆ,
ಸೊಂಟದ ಹತ್ತಿರ ಏನೋ ಎಳೆಯಲಿ ಅಂತ.
ಹೊರಗೆ ಗಾಡಿಗೆ ಗೋಣಿ ಹಾಸಿ ಕೂತ ಮುಬಾರಕ್ ಕೂಗುತ್ತಾನೆ:
"ಅಣ್ಣಾ, ಏನ್ ನೋಡ್ತಾ ನಿಂತೆ, ಕರಗೋಗ್ತೈತೆ!"