ಒಂದು ಕಡೆ ಕತ್ತಲು

ಹಟ್ಟಿಯ ಚಿನ್ನದ ಗಣಿ, ದೀಪದ ಕೋಣೆ.
ಇಲ್ಲಿ ನನ್ನದು ಇಪ್ಪತ್ತಾರನೇ ವರ್ಷ.
ಗೋಡೆ ತುಂಬ ಮೊಳೆ, ಮೊಳೆಗೊಂದು ನಂಬರು,
ನಂಬರಿಗೊಂದು ದೀಪ, ದೀಪಕ್ಕೊಂದು ತಲೆ.
ಮೊಳೆ ಖಾಲಿ ಇದ್ದರೆ ಆ ತಲೆ ಕೆಳಗಿದೆ.
ಇಷ್ಟೇ ನನ್ನ ಲೆಕ್ಕ.

ಮಗಳು ಹಂಪಮ್ಮ, ಲಿಂಗಸೂಗೂರಿನಲ್ಲಿ ಬಿಎಸ್ಸಿ.
ಮೊನ್ನೆ ರಾತ್ರಿ ರೆಕಾರ್ಡ್ ಪುಸ್ತಕ ಹರವಿಕೊಂಡು
ಜೋಳದ ಕಾಳಿನಂಥದೊಂದನ್ನು ತಿದ್ದುತ್ತಿದ್ದಳು.
ನಡುವಿಗೆ ಡಾಬು ಕಟ್ಟಿದಂತೆ ರೋಮದ ಸಾಲು,
ನೆತ್ತಿಗೊಂದು ಜುಟ್ಟು.
‘ಏನವಾ ಇದು, ಬುಗುರಿ?’
‘ಸಮುದ್ರದ ಹುಳದ ಮರಿ, ಅಪ್ಪಾ.
ಹುಟ್ಟಿ ಒಂದs ದಿನ ಆಗೈತಿ.’

ನಾನು ಸಮುದ್ರ ಕಂಡವನಲ್ಲ.
ನಾರಾಯಣಪುರದ ಹಿನ್ನೀರು ಕಂಡಿದ್ದೇನೆ,
ಅದೂ ಬಸ್ಸಿನ ಕಿಟಕಿಯಿಂದ, ಮಂದಿಯ ಭುಜದ ಮೇಲಿಂದ.

‘ಕಣ್ಣು ಎಲ್ಲೈತಿ?’
ಪೆನ್ಸಿಲ್ಲಿನ ಮೊನೆ ಎರಡು ಚುಕ್ಕೆ ಮುಟ್ಟಿತು.
ಒಂದು ಕಣ್ಣಿಗೆ ಎರಡೇ ಜೀವಕೋಶವಂತೆ:
ಒಂದು ಬೆಳಕು ಹಿಡಿಯುತ್ತದೆ,
ಇನ್ನೊಂದು ಕರ್ರಗೆ ಅದರ ಬೆನ್ನಿಗೆ ಆತು ಕೂತು
ಮರೆ ಮಾಡುತ್ತದೆ. ಮತ್ತೇನೂ ಮಾಡುವುದಿಲ್ಲ.
‘ಹಂಗಾದ್ರ ಅದು ಯಾಕ ಬೇಕು?’
‘ಅದಿಲ್ಲಂದ್ರ ಬೆಳಕೈತಿ ಅನ್ನೂದು ಗೊತ್ತಾಗತೈತಿ,
ಯಾವ ಕಡೆ ಅನ್ನೂದು ಗೊತ್ತಾಗಂಗಿಲ್ಲ.’

ಆ ಕಣ್ಣು ಯಾರ ಅಪ್ಪಣೆಗೂ ಕಾಯುವುದಿಲ್ಲ,
ನೇರ ರೋಮಕ್ಕೇ ಹೇಳುತ್ತದೆ.
ಬೆಳಕಿನ ಕಡೆಯ ರೋಮ ತುಸು ತಡೆಯುತ್ತದೆ,
ಮೈ ಅತ್ತ ಹೊರಳುತ್ತದೆ,
ಹೊರಳುತ್ತ ಹೊರಳುತ್ತ ಮೇಲೇರುತ್ತದೆ.
‘ಆಮ್ಯಾಲ?’
‘ಆಮ್ಯಾಲ ಬೆಳಕು ಬ್ಯಾಡಾಗತೈತಿ. ತಳಕ್ಕ ಇಳೀತೈತಿ.
ಮನಿ ಮಾಡಾಕ.’

ನಿನ್ನೆ ರಾತ್ರಿ ಪಾಳಿ.
ದೀಪ ಕೊಟ್ಟೆ, ಸಹಿ ತಗೊಂಡೆ, ತೊಟ್ಟಿಲು ಇಳಿಯಿತು.
ಭೂಗರ್ಭದ ಸಾಹೇಬರು ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು,
ಮಸ್ಕಿ ಕಡೆ ದಿಂಬು ಒಟ್ಟಿದ ಹಾಗೆ ಬಿದ್ದ ಕಲ್ಲು
ಕಡಲ ತಳದಲ್ಲಿ ಉಕ್ಕಿ, ತಣ್ಣಗಾದ ಬೆಂಕಿ ಎಂದು.
ಆಗ ಹುಳವಿಲ್ಲ, ಮೀನಿಲ್ಲ, ಪಾಚಿಯ ಪೂರ್ವಜರೂ ಕುರುಡರು.
ಬೆಳಕು ಬೀಳುತ್ತಲೇ ಇತ್ತು,
ಇಂಥವರ ಮೇಲೆ ಎಂದಿಲ್ಲದೆ.
ಎಷ್ಟು ಕೋಟಿ ವರ್ಷದ ಮೇಲೆ
ಯಾವ ಮೈಗೆ ಮೊದಲು ಆ ಕಪ್ಪು ಹತ್ತಿತೋ,
ಯಾವ ಮರಿ ಮೊದಲು
ಇತ್ತಲಿಂದ ಅತ್ತ ಹೊರಳಿತೋ.

ಬೆಳಿಗ್ಗೆ ಎಲ್ಲ ದೀಪ ಬಂದವು. ಮುನ್ನೂರ ಹದಿನೇಳು ಬರಲಿಲ್ಲ.
ಶಾಲಂಸಾಬನದು.
ಐದು ನಿಮಿಷ, ಹತ್ತು ನಿಮಿಷ.
ಗೋಡೆಯಲ್ಲಿ ಅದೊಂದೇ ಬೋಳು ಮೊಳೆ.
ಒರೆಸಿದ ದೀಪವನ್ನೇ ಮತ್ತೆ ಒರೆಸಿದೆ,
ಫೋನು ಎತ್ತಿ, ಹಾಗೇ ಇಟ್ಟೆ.
ನಲವತ್ತನೇ ನಿಮಿಷಕ್ಕೆ ಹಗ್ಗ ಅಲುಗಿತು.
ತೊಟ್ಟಿಲಿನಿಂದ ಹೊರಬಿದ್ದವನು ಹಣೆಯ ದೀಪ ಆರಿಸುವುದನ್ನೂ ಮರೆತು
ಸೂರ್ಯನ ಎದುರು ನಿಂತುಬಿಟ್ಟ.
ಆಮೇಲೆ ಬಲಗೈ ಎತ್ತಿ
ಹುಬ್ಬಿನ ಮೇಲೆ ಚಪ್ಪರದ ಹಾಗೆ ಹಿಡಿದ.
ಅಷ್ಟು ಮರೆಯಾದ ಮೇಲೇ
ತನ್ನ ಸೈಕಲ್ಲು ಯಾವ ಕಡೆ ಎಂದು ಅವನಿಗೆ ಕಂಡದ್ದು.
‘ತಡಾ ಆತಲ್ಲೋ’ ಅಂದೆ.
‘ಗೇಟು ಸಿಕ್ಕೊಂಡಿತ್ತು’ ಅಂದ.

ಮನೆಗೆ ಬಂದಾಗ ಹಂಪಮ್ಮ ಜಡೆ ಹಾಕಿಕೊಳ್ಳುತ್ತಿದ್ದಳು.
ಪುಸ್ತಕ ತೆರೆದೇ ಇತ್ತು. ಕಣ್ಣಿನ ಬೆನ್ನಿಗಿದ್ದ ಕೋಶ
ಬರೀ ಬೂದಿ ಬಣ್ಣ.
ಪೆನ್ಸಿಲು ತೆಗೆದುಕೊಂಡು ತೀಡಿದೆ, ತೀಡಿದೆ,
ಮೊನೆ ಮುರಿಯಿತು, ಹಾಳೆ ಸವೆಯಿತು.
‘ಅಪ್ಪಾ! ನನ್ನ ರೆಕಾರ್ಡು!’

ಮಾಸ್ತರರು ಪಕ್ಕಕ್ಕೆ ಕೆಂಪು ಶಾಯಿಯಲ್ಲಿ ಬರೆದಿದ್ದಾರಂತೆ:
ಇಷ್ಟು ಕಪ್ಪು ಬೇಕಿರಲಿಲ್ಲ.