ಖಾಲಿ ಸೀಟು

ಹತ್ತು ಜನಕ್ಕೆಂದು ಗೊತ್ತು ಮಾಡಿದ ವ್ಯಾನು, ಬಂದವರು ಒಂಬತ್ತು.
ಹತ್ತನೆಯವನಿಗೆ ರಾತ್ರಿ ತಿಂದ ಆಕ್ಟೋಪಸ್ ಒಗ್ಗಲಿಲ್ಲ,
ಹೋಟೆಲಿನ ಬಚ್ಚಲು ಬಿಟ್ಟು ಬರಲಾರನಂತೆ.
ದುಡ್ಡು ಕಟ್ಟಿದ ಸೀಟು ಬರಿದೇ ಹೋಗಬಾರದೆಂದು
ನಮ್ಮ ಗಲ್ಲಿಯ ಬಾಯಲ್ಲಿ ನಿಲ್ಲಿಸಿ ಕೂಗಿದೆ:
ಬೀಬೀ, ಬರ್ತೀಯಾ, ಊರು ನೋಡೋಕೆ?

ಪೆಂಬಾದಲ್ಲಿ ಹುಟ್ಟಿ ಜಾಂಜಿಬಾರಿಗೆ ಸೊಸೆಯಾಗಿ ಬಂದವಳು,
ಸಂತೆಗೆ ಬಿಟ್ಟರೆ ಸಾವಿಗೆ, ಬೇರೆ ಯಾವುದಕ್ಕೂ
ಗಲ್ಲಿ ದಾಟಿದವಳಲ್ಲ ನನ್ನಜ್ಜಿ.
ಚಪ್ಪಲಿ ತೊಳೆದಳು. ಹಳದಿ ಕಾಂಗಾ ಹೊದ್ದಳು.
ಅಂಚಿನಲ್ಲಿ ಅಚ್ಚಾದ ಗಾದೆಗೆ ಅರ್ಥವೇನೆಂದು
ಹಿಂದಿನ ಸೀಟಿನ ಹುಡುಗಿ ಕೇಳಿದಳು.
‘ಅತಿಥಿಗಳಿಗೆ ಸ್ವಾಗತ’ ಅಂದೆ.
ಬರೆದಿದ್ದದ್ದು: ಪಕ್ಕದ್ಮನೆಯವಳೇ, ನಿನ್ನ ಒಲೆ ನೀನು ನೋಡ್ಕೋ.

ಮೊದಲು ದೋಣಿ, ಆಮೆಗಳ ದ್ವೀಪ.
ಬೆನ್ನ ಚಿಪ್ಪಿನ ಮೇಲೆ ನೀಲಿ ಬಣ್ಣದಲ್ಲಿ
ಒಂದೊಂದಕ್ಕೂ ವಯಸ್ಸು ಬರೆದಿದೆ.
‘ನೂರ ಐವತ್ತೆರಡು!’ ಅಂದೆ, ದಿನವೂ ಅನ್ನುವ ದನಿಯಲ್ಲಿ.
ಒಂಬತ್ತು ಬಾಯಿಗಳು ಓ ಎಂದವು.
ಬೀಬಿ ಬಗ್ಗಿ ನೋಡಿ ಕೇಳಿದ್ದು ಇಷ್ಟೇ:
ಎಣಿಸ್ತಾ ಕೂತವರು ಯಾರೋ?

ಇವಳ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ ಒಂದು.
ಗುಮಾಸ್ತ ಕೇಳಿದ್ದಕ್ಕೆ ಹೇಳಿದ್ದಳಂತೆ:
ಲವಂಗ ಕೊಂಬೆ ಮುರಿಯುವಷ್ಟು ಬಿಟ್ಟಿತ್ತಲ್ಲ, ಆ ವರ್ಷ.
ಅವನು ಮುಖ ನೋಡಿ ಬರೆದುಕೊಂಡ.

ಮಧ್ಯಾಹ್ನ ಮಸಾಲೆ ತೋಟ.
ಕಣ್ಣು ಮುಚ್ಚಿ, ಎಲೆ ಉಜ್ಜಿ, ಮೂಸಿ, ಹೇಳಿ ನೋಡೋಣ!
ನಿಂಬೆ? ಸೋಪು? ಕ್ರಿಸ್‌ಮಸ್ ಕೇಕು?
ಕೆಂಪು ಟೋಪಿಯವನು ‘ನನ್ನ ಅತ್ತೆಯ ಬೀರು’ ಅಂದ, ಎಲ್ಲರೂ ನಕ್ಕರು.
ಕೊಂಬೊ ಕಾಲಿಗೆ ಹಗ್ಗ ಸಿಕ್ಕಿಸಿ ತೆಂಗಿನ ಮರ ಹತ್ತಿದ,
ಅರ್ಧದಲ್ಲಿ ನಿಂತು ಕೈ ಬಿಟ್ಟು ಹಾಡಿದ,
ಕೆಳಗೆ ಫೋನುಗಳೆಲ್ಲ ಕತ್ತೆತ್ತಿದವು.
ಗಂಡಸರಿಗೆ ಗರಿಯ ಟೈ, ಹೆಂಗಸರಿಗೆ ಗರಿಯ ಕಿರೀಟ.
ಬೀಬಿಗೂ ಒಂದು ಕಿರೀಟ ಬಂತು.
ತೆಗೆಯಲಿಲ್ಲ ಅವಳು. ನೆಟ್ಟಗೂ ಮಾಡಿಕೊಳ್ಳಲಿಲ್ಲ.

ಲವಂಗದ ಮರ ಬಂತು.
ನಾನು ಬಾಯಿ ತೆರೆಯುವ ಮೊದಲೇ ಅವಳು
ಮೊಣಕೈಯ ಕೊಕ್ಕೆಯಲ್ಲಿ ಕೊಂಬೆ ಬಗ್ಗಿಸಿದ್ದಳು.
ಬೆರಳುಗಳು ತಾವಾಗಿ ನಡೆದವು,
ಗೊಂಚಲು ಚಟಕ್ಕನೆ ಅಂಗೈಗೆ.
ಆಮೇಲೆ ಮಾತಾಡಿದಳು, ಯಾರನ್ನೂ ನೋಡದೆ:

ಅರಳೋ ಮುಂಚೆ ಕೀಳಬೇಕು. ಅರಳಿದ್ದಕ್ಕೆ ಬೆಲೆಯಿಲ್ಲ.
ನಂಗೆ ಆಗ ಒಂಬತ್ತೋ ಹತ್ತೋ.
ತುದಿಕೊಂಬೆಗೆ ಹಗುರದವರನ್ನೇ ಹತ್ತಿಸೋರು.
ನನ್ನಕ್ಕ ಮ್ವಾಟಿಮಾ ಬಿದ್ದಳು, ಇದೇ ಥರ ಮರದಿಂದ.
ಮೇಸ್ತ್ರಿ ಓಡಿಬಂದ.
ಮೊದಲು ಬುಟ್ಟಿ ಎತ್ತಿದ.

ಗಾಳಿಯಿರಲಿಲ್ಲ. ಕೊಂಬೊ ಎಲ್ಲೋ ಕಾಯಿ ಒಡೆಯುತ್ತಿದ್ದ.
‘ಏನಂದರು? ಏನಂದರು?’ ಒಂಬತ್ತು ಮುಖಗಳು ನನ್ನ ಕಡೆ.
ಐದಕ್ಕೆ ಇವರನ್ನು ಕಡಲತೀರಕ್ಕೆ ಮುಟ್ಟಿಸಬೇಕು,
ಸೂರ್ಯಾಸ್ತಕ್ಕೆ ಬೇರೆ ದುಡ್ಡು ಕಟ್ಟಿದ್ದಾರೆ.
ಬೇಸರದಲ್ಲಿ ಹೋದವರು ಬಕ್ಷೀಸು ಕೊಡುವುದಿಲ್ಲ.
ನಾನು ಹೇಳಿದೆ:
‘ಹಲ್ಲುನೋವಿಗೆ ಲವಂಗದಂಥ ಮದ್ದಿಲ್ಲ, ಅಂತಿದ್ದಾಳೆ ಅಜ್ಜಿ.’
ಆಹಾ ಅಂದರು. ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.
ಕೆಂಪು ಟೋಪಿಯವನು ನೋಟೊಂದನ್ನು ಅವಳ ಕೈಗಿಟ್ಟ.

ವಾಪಸು ಬರುವಾಗ ಕತ್ತಲು.
ಎಲ್ಲರನ್ನೂ ಇಳಿಸಿ ಉಳಿದವರು ನಾವಿಬ್ಬರೇ.
ಒಂಬತ್ತು ಸೀಟಿನ ಮೇಲೆ ಒಣಗತೊಡಗಿದ ಟೈ, ಕಿರೀಟ.
ಅವಳ ತಲೆಯ ಮೇಲಿನದು ಮಾತ್ರ ಹಾಗೇ ಇತ್ತು.

ಹೇಳಿದೆಯೇನೋ ಅವರಿಗೆ, ಮ್ವಾಟಿಮಾ ವಿಷಯ?
ಹೇಳಿದೆ ಬೀಬಿ.
ಏನಂದರು?
ಪಾಪ ಅಂದರು. ತುಂಬ ನೊಂದುಕೊಂಡರು.

ಅವಳು ಅಂಗೈ ಬಿಡಿಸಿದಳು.
ಬೆವರಿಗೆ ಒದ್ದೆಯಾದ ನೋಟು, ಅದರೊಳಗೆ ಮೊಗ್ಗುಗಳು.
ವ್ಯಾನಿನ ತುಂಬ ವಾಸನೆ.
ಗಲ್ಲಿಯ ತಿರುವಿನವರೆಗೂ ಸುಮ್ಮನಿದ್ದು ಕೇಳಿದಳು:

ಮತ್ತೆ, ಆ ಕೆಂಪು ಟೋಪಿಯವನು
ಯಾಕೋ ದವಡೆ ಮುಟ್ಟಿಕೊಂಡ?